ಓದುಗರ ಪ್ರಶ್ನೆ: ಪಾರ್ಕಿನೊಳಗೊಂದು ಸಮಾಧಿ ಗುಡ್ಡೆ

ಪ್ರಶ್ನೆ: ಮಗಳು, ಅಳಿಯ ಒಸಾಕಾದಲ್ಲಿದ್ದಾರೆ. ಏಪ್ರಿಲ್‌ನಲ್ಲಿ ನಾವು ಹೋಗುವವರಿದ್ದೇವೆ. ಹತ್ತಿರದ ಸಕಾಯ್ ಊರಿನ ಪಾರ್ಕಿನ ಪಕ್ಕ ಹಳೇ ಕಾಲದ ರಾಜನ ಸಮಾಧಿ ಇದೆಯಂತೆ, ಬೀಗದ ತೂತಿನ ಆಕಾರವಂತೆ. ನನಗೆ ಗಂಟುನೋವು ಬೇರೆ. ನೋಡುವಂಥದ್ದಾ ಅದು? (ಓದುಗರು, ಕುಂಬಳೆ)

ಉತ್ತರ: ನೋಡುವಂಥದ್ದೇ. ಆದರೆ ಫೋಟೋದಲ್ಲಿ ಕಂಡದ್ದು ಅಲ್ಲಿ ಕಾಣುವುದಿಲ್ಲ, ಅದು ಗೊತ್ತಿದ್ದೇ ಹೋಗಿ. ಆ ಆಕಾರ ವಿಮಾನದಿಂದ ತೆಗೆದ ಚಿತ್ರದಲ್ಲಿ ಮಾತ್ರ. ನೆಲದ ಮೇಲೆ ನಿಂತರೆ ಕಂದಕದ ನೀರು, ಆಚೆಗೆ ಒಂದು ಕಾಡುಗುಡ್ಡೆ, ಇಷ್ಟೇ. ಅದರ ಹೆಸರು ದೈಸೆನ್ ಕೋಫುನ್; ಕೋಫುನ್ ಅಂದರೆ ಹಳೇ ಕಾಲದ ಸಮಾಧಿ ಗುಡ್ಡೆ. 5ನೇ ಶತಮಾನದ್ದು. ಉದ್ದ 486 ಮೀಟರ್, ಸುತ್ತಲೂ ಮೂರು ಕಂದಕ. ಒಬಯಾಶಿ ಅನ್ನುವ ಕಟ್ಟಡ ಕಂಪನಿ ಆ ಕಾಲದ ವಿಧಾನದಲ್ಲೇ ಕಟ್ಟಿದರೆ ಎಷ್ಟು ಸಮಯ ಬೇಕು ಅಂತ ಲೆಕ್ಕ ಹಾಕಿತ್ತು: ದಿನಕ್ಕೆ 2,000 ಜನರವರೆಗೆ ದುಡಿದರೂ 15 ವರ್ಷ 8 ತಿಂಗಳು! ನಿಂತೊಕು ಚಕ್ರವರ್ತಿಯ ಸಮಾಧಿ ಅಂತ ಹೇಳುತ್ತಾರೆ, ಒಳಗೆ ಅವನೇ ಇದ್ದಾನೆ ಅಂತ ಸಾಬೀತಾಗಿಲ್ಲ.

ಗಂಟುನೋವಿದ್ದರೆ ಸುಮ್ನೆ ಇಡೀ ಗುಡ್ಡೆಗೆ ಸುತ್ತು ಹಾಕಲು ಹೋಗಬೇಡಿ, ಅದು ಎರಡೂವರೆ ಕಿಲೋಮೀಟರಿಗೂ ಜಾಸ್ತಿ. ಜೆಆರ್ ಹನ್ವಾ ಲೈನಿನ ಮೊಜು ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಹತ್ತಿರವೇ. ಕಂದಕದ ಬಳಿ ಕೈಮುಗಿಯುವ ಜಾಗವೊಂದಿದೆ, ಅಲ್ಲಿ ನೋಡಿಕೊಂಡು ಎದುರಿನ ದೈಸೆನ್ ಪಾರ್ಕಿಗೆ ಬನ್ನಿ. ನನ್ನ ಕೇಳಿದರೆ ಪಾರ್ಕೇ ಚಂದ. ಒಳಗೆ ಸಣ್ಣ ಸಣ್ಣ ಗುಡ್ಡೆಗಳಿವೆ, ದಾರಿಯ ಪಕ್ಕದಲ್ಲೇ ಇರುವುದರಿಂದ ಕಣ್ಣಿಗೆ ಪೂರ್ತಿ ಸಿಗುತ್ತವೆ. ಸಕಾಯ್ ಸಿಟಿ ಮ್ಯೂಸಿಯಂ ಕೂಡ ಅದರೊಳಗೇ ಇದೆ. ಗುಡ್ಡೆಗಳ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ ಹನಿವಾ ಅನ್ನುವ ಮಣ್ಣಿನ ಬೊಂಬೆ, ಕೊಳವೆಗಳನ್ನು ಅಲ್ಲಿ ನೋಡಿ. ಎತ್ತರದಿಂದ ನೋಡುವ ಆಸೆಯಿದ್ದರೆ ಸಕಾಯ್-ಹಿಗಾಶಿ ನಿಲ್ದಾಣದ ಹತ್ತಿರ ನಗರಸಭೆಯ ಕಟ್ಟಡವಿದೆ. 21ನೇ ಮಹಡಿಗೆ ಲಿಫ್ಟಿನಲ್ಲಿ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿಂದಲೂ ಪೂರ್ತಿ ಆಕಾರ ಕಾಣುವುದಿಲ್ಲ, ಆದರೆ ಊರಿನ ಮನೆಗಳ ನಡುವೆ ಅದೆಷ್ಟು ದೊಡ್ಡದು ಅಂತ ಅಂದಾಜಾಗುತ್ತದೆ.

ಪ್ರಶ್ನೆ: ಒಳಗೆ ಯಾಕೆ ಬಿಡುವುದಿಲ್ಲ? ಅಗೆದು ನೋಡಿದರೆ ಯಾರ ಸಮಾಧಿ ಅಂತ ತಿಳಿಯುತ್ತದಲ್ಲ? (ಓದುಗರು, ಬದಿಯಡ್ಕ)

ಉತ್ತರ: ಅರಮನೆಯ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಕೈಯಲ್ಲಿದೆ ಅದು. ಅವರಿಗೆ ಅದು ಪುರಾತತ್ವದ ಜಾಗವಲ್ಲ, ರಾಜಮನೆತನದ ಹಿರಿಯರ ಸಮಾಧಿ. ನಮ್ಮ ನಾಗಬನದ ಹಾಗೆ ಅಂದುಕೊಳ್ಳಿ, ಕತ್ತಿ ಹಿಡಿದು ಒಳಗೆ ಹೋಗುತ್ತೀರಾ? ಹಾಗಂತ ಏನೂ ಗೊತ್ತಿಲ್ಲ ಅಂತಲ್ಲ. 1872ರಲ್ಲಿ ಗುಡ್ಡೆಯ ಒಂದು ಕಡೆ ಕಲ್ಲಿನ ಕೋಣೆ ಬಯಲಾಗಿತ್ತು, ಆಗ ಕಂಡದ್ದನ್ನು ಚಿತ್ರ ಬರೆದಿಟ್ಟಿದ್ದಾರೆ. 2018ರಲ್ಲಿ ಆ ಇಲಾಖೆಯೂ ಸಕಾಯ್ ನಗರಾಡಳಿತವೂ ಸೇರಿ ಕಂದಕದ ದಂಡೆಯಲ್ಲಿ ಸ್ವಲ್ಪ ಅಗೆದಾಗ ಹಾಸುಗಲ್ಲು, ಹನಿವಾ ಸಾಲು ಸಿಕ್ಕಿದವು. ಇನ್ನೊಂದು ವಿಷಯ, ಈಗಿರುವ ಮರಗಳೆಲ್ಲ ಆಮೇಲೆ ಬೆಳೆದದ್ದು. ಕಟ್ಟಿದಾಗ ಗುಡ್ಡೆಯ ಮೈಗೆಲ್ಲ ಕಲ್ಲು ಹೊದಿಸಿದ್ದರು.

ಪ್ರಶ್ನೆ: ನಾವು ಟೋಕಿಯೋಗೆ ಮಾತ್ರ ಹೋಗುವುದು. ಮಕ್ಕಳಿಗೆ ಹತ್ತಿ ಇಳಿಯುವ ಹಾಗಿರುವ ಗುಡ್ಡೆ ಇದೆಯೇ? (ಓದುಗರು, ಮಂಜೇಶ್ವರ)

ಉತ್ತರ: ಇದೆ. ಉಎನೊ ಪಾರ್ಕಿಗೆ ಹೇಗೂ ಹೋಗುತ್ತೀರಿ, ಅಲ್ಲೇ ಸುರಿಬಾಚಿಯಾಮಾ ಇದೆ. ಮೆಟ್ಟಿಲು ಹತ್ತಿ ಮೇಲೆ ಕೂರಬಹುದು. ಟೋಕಿಯೋ ಟವರಿನ ಹತ್ತಿರ ಶಿಬಾ ಪಾರ್ಕಿನಲ್ಲಿ ಇನ್ನೂ ದೊಡ್ಡದಿದೆ, ನೂರು ಮೀಟರಿಗೂ ಜಾಸ್ತಿ ಉದ್ದ. ಎರಡೂ ತುಂಬ ಸವೆದಿವೆ, ಬೋರ್ಡು ಓದದಿದ್ದರೆ ಸುಮ್ನೆ ಗುಡ್ಡೆ ಅಂತ ದಾಟಿ ಹೋಗುತ್ತೀರಿ. ಮುಂದೆ ಯಾವತ್ತಾದರೂ ಕೋಬೆ ಕಡೆ ಹೋದರೆ ಗೋಶಿಕಿಜುಕಾ ಬಿಡಬೇಡಿ. 194 ಮೀಟರ್ ಉದ್ದದ ಅದನ್ನು ಮೊದಲಿದ್ದ ಹಾಗೇ ಕಲ್ಲು ಹೊದಿಸಿ ಸರಿಮಾಡಿದ್ದಾರೆ. ಮೇಲೆ ಹತ್ತಿದರೆ ಸಮುದ್ರ ಮತ್ತು ಅಕಾಶಿ ಸೇತುವೆ ಕಾಣುತ್ತದೆ. ಸಮಾಧಿಯ ಆಕಾರ ಕಾಲಿಗೇ ತಿಳಿಯಬೇಕಿದ್ದರೆ ಅದೇ ಸರಿ.

ಪ್ರಶ್ನೆ: ಸಮಾಧಿಯಿರುವ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ ಉಣ್ಣಬಹುದಾ? ಮನೆಗೆ ಬಂದು ಮೀಯದೆ ಒಳಗೆ ಕಾಲಿಡಬೇಡಿ ಅಂತ ಅತ್ತೆ ಈಗಲೇ ಹೇಳುತ್ತಿದ್ದಾರೆ. (ಓದುಗರು, ನೀರ್ಚಾಲು)

ಉತ್ತರ: ಉಣ್ಣಿ. ಚೆರ್ರಿ ಹೂ ಬಿಡುವ ಹೊತ್ತಿಗೆ ಅಲ್ಲಿನವರೇ ಹುಲ್ಲಿನ ಮೇಲೆ ಚಾಪೆ ಹಾಸಿ ಉಣ್ಣುತ್ತಾರೆ. ಕೈಮುಗಿಯುವ ಜಾಗದಲ್ಲಿ ಮಾತ್ರ ಬೇಡ. ಕಸದ ಡಬ್ಬ ಸಿಗುವುದು ಅಪರೂಪ, ಹಾಗಾಗಿ ಒಂದು ಚೀಲ ಜೊತೆಗಿರಲಿ. ಸಸ್ಯಾಹಾರಿಗಳಾದರೆ ಬುತ್ತಿಯೇ ಒಳ್ಳೆಯದು, ಬರೀ ತರಕಾರಿ ಅನ್ನುವ ಸೂಪಿನಲ್ಲೂ ಮೀನಿನ ರಸ ಇರುತ್ತದೆ. ಅತ್ತೆಗೆ ಹೇಳಿ, ಜಪಾನಿನಲ್ಲೂ ಸಾವಿನ ಮನೆಗೆ ಹೋಗಿ ಬಂದವರು ಮೈಮೇಲೆ ಉಪ್ಪು ಚಿಮುಕಿಸಿಕೊಳ್ಳುವ ಕ್ರಮವಿದೆ, ಪಾರ್ಕಿಗೆ ಹೋಗಿ ಬಂದವರಿಗೆ ಅದಿಲ್ಲ. ಅವರಿಗೆ ಸಮಾಧಾನವಾಗುವುದಾದರೆ ಮಿಂದುಬಿಡಿ, ನಷ್ಟವೇನು!

ಪ್ರಶ್ನೆ: ಅಷ್ಟು ದೂರ ಯಾಕೆ, ನಮ್ಮಲ್ಲಿ ಇಂಥದ್ದೇನೂ ಇಲ್ಲವಾ? (ಓದುಗರು, ಹೊಸಂಗಡಿ)

ಉತ್ತರ: ಇದೆಯಲ್ಲ! ಕಾಸರಗೋಡು ಜಿಲ್ಲೆಯ ತೆಂಕು ಭಾಗದಲ್ಲಿ ಮುರಕಲ್ಲನ್ನು ಕೊರೆದು ಮಾಡಿದ ಸಮಾಧಿ ಗುಹೆಗಳಿವೆ, ಜಪಾನಿನ ಗುಡ್ಡೆಗಳಿಗಿಂತ ಹಳೆಯವು. ಮುನಿಗಳು ತಪಸ್ಸು ಮಾಡಿದ ಜಾಗ ಅಂತ ಜನ ಹೇಳುತ್ತಾರೆ. ಮುರಕಲ್ಲಿನ ಕೋರೆ ಎದ್ದ ಕಡೆ ಇಂಥವು ಉಳಿಯುವುದು ಕಷ್ಟ. ಸಕಾಯ್‌ನಲ್ಲೂ ಹಾಗೇ ಆಗಿತ್ತು. ಅಲ್ಲಿನ ಇತಾಸುಕೆ ಅನ್ನುವ ಗುಡ್ಡೆಯನ್ನು 1955ರ ಹೊತ್ತಿಗೆ ಮನೆ ಕಟ್ಟಲು ಕೆಡವುವವರಿದ್ದರು, ಕಂದಕಕ್ಕೆ ಸೇತುವೆ ಕೂಡ ಹಾಕಿ ಆಗಿತ್ತು. ಊರಿನವರು ಗಲಾಟೆ ಮಾಡಿ ಉಳಿಸಿಕೊಂಡರು. 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಸಕಾಯ್ ಮತ್ತು ಹತ್ತಿರದ ಫುರುಇಚಿ ಕಡೆಯ 49 ಕೋಫುನ್‌ಗಳಲ್ಲಿ ಅದೂ ಒಂದು. ಕುಂಬಳೆಯವರೇ, ಮೊಜು ನಿಲ್ದಾಣದಿಂದ ಅದು ನಡೆದು ಹೋಗುವಷ್ಟೇ ದೂರ. ಗಂಟು ಒಪ್ಪಿದರೆ ನೋಡಿ ಬನ್ನಿ, ಆ ಅರ್ಧ ಮುರಿದ ಸೇತುವೆ ಈಗಲೂ ಕಂದಕದಲ್ಲೇ ಇದೆ.