ಪಕ್ಕದ ಮನೆಯ ನಾಯಿ ಮತ್ತು ಮಗಳ ಗಾಯ

ಓದುಗರೊಬ್ಬರ ಪತ್ರದ ಸಾರ: "ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಎರಡು ವಾರದ ಹಿಂದೆ ಶಾಲೆಯಿಂದ ಬರುತ್ತಿದ್ದ ಎಂಟು ವರ್ಷದ ಮಗಳ ಮೀನಖಂಡಕ್ಕೆ ಪಕ್ಕದ ಮನೆಯ ಸಾಕುನಾಯಿ ಬಾಯಿ ಹಾಕಿತು. ಅವರ ಗೇಟು ತೆರೆದಿತ್ತು, ನಾಯಿಯನ್ನು ಕಟ್ಟಿರಲಿಲ್ಲ. ಅಂದು ಆಟೋ ಬಾಡಿಗೆ ಕೊಟ್ಟವರು ಈಗ 'ನಿಮ್ಮ ಹುಡುಗಿಯೇ ಕೆಣಕಿರಬೇಕು' ಎನ್ನುತ್ತಿದ್ದಾರೆ. ನನಗೆ ಹತ್ತು ದಿನದ ಕೂಲಿ ಹೋಗಿದೆ. ಪರಿಹಾರ ಕೇಳಬಹುದೇ? ಅಕ್ಕಪಕ್ಕದವರೊಡನೆ ಕೋರ್ಟು ಕಚೇರಿ ಬೇಡ ಎನ್ನುತ್ತಾರೆ ಅತ್ತೆ."

ಉತ್ತರ:

ಖಂಡಿತ ಕೇಳಬಹುದು, ಕೇಳಲೇಬೇಕು. ಆದರೆ ಅದಕ್ಕಿಂತ ಮೊದಲಿನ ಮಾತು ಲಸಿಕೆಯದು. ನೀವು ಕಳುಹಿಸಿದ ಚೀಟಿಯಲ್ಲಿ ಮೂರು ದಿನಾಂಕಗಳಿಗೆ ಗುರುತು ಬಿದ್ದಿದೆ, 28ನೇ ದಿನದ ಚೌಕ ಖಾಲಿಯಿದೆ. ಗಾಯ ಮಾಯುತ್ತಿದೆ ಎಂದು ಅದನ್ನು ತಪ್ಪಿಸಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಸಂಚಿಕೆ ಕೈಗೆ ಬರುವುದು ತಡವಾಗಬಹುದೆಂದು ಇಷ್ಟನ್ನು ನಿಮಗೆ ಫೋನಿನಲ್ಲೇ ಹೇಳಿದ್ದೇವೆ.

ಅದೇ ಚೀಟಿಯನ್ನು ಮತ್ತೊಮ್ಮೆ ನೋಡಿ. 'ನಾಯಿ ಕಡಿತ' ಎಂಬ ಎರಡೇ ಪದಗಳಿವೆ. ಯಾವ ಕಾಲು, ಎಷ್ಟು ಗಾಯ, ಎಷ್ಟು ಆಳ, ಸಾಕುನಾಯಿಯೋ ಬೀದಿನಾಯಿಯೋ, ಒಂದೂ ಇಲ್ಲ. ನಾಳೆ ವಕೀಲರು ಮೊದಲು ಕೇಳುವುದು ಇದನ್ನೇ. ಮುಂದಿನ ಬಾರಿ ಹೋದಾಗ ವೈದ್ಯರಿಂದ ಗಾಯದ ವಿವರ ಬರೆಸಿಕೊಳ್ಳಿ. ಕಲೆಯ ಪಕ್ಕ ಮಗಳ ಸ್ಕೇಲನ್ನೇ ಇಟ್ಟು ಫೋಟೊ ತೆಗೆಯಿರಿ. ನಾಲ್ಕು ತೂತು ಬಿದ್ದ ಕಾಲುಚೀಲವನ್ನು ಇನ್ನೂ ಒಗೆದಿಲ್ಲ ಎಂದು ಬರೆದಿದ್ದೀರಿ. ಒಗೆಯಲೇಬೇಡಿ, ಕಾಗದದಲ್ಲಿ ಸುತ್ತಿ ಎತ್ತಿಡಿ.

ಹಲ್ಲಿನ ಗುರುತು ಎಣಿಸುವುದು ಅತಿಯಾಯಿತು ಎನ್ನಿಸಬಹುದು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ನಾಯಿ ಕಡಿತದ ಪರಿಹಾರವನ್ನು ಹಾಗೆಯೇ ಲೆಕ್ಕ ಹಾಕಿತು: ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000. ಅದು ಬೀದಿಯಲ್ಲಿ ಅಲೆಯುವ ಪ್ರಾಣಿಗಳ ವಿಷಯದಲ್ಲಿ ಸರ್ಕಾರದ ಹೊಣೆ ಕುರಿತ ತೀರ್ಪು. ನಮ್ಮ ರಾಜ್ಯದ ನ್ಯಾಯಾಲಯಗಳು ಅದನ್ನು ಪಾಲಿಸಲೇಬೇಕೆಂದಿಲ್ಲ. ಆದರೂ ವಕೀಲರು ಮುಂದಿಡಬಹುದಾದ ಅಳತೆಗೋಲು. ನಮ್ಮ ಸರ್ಕಾರ 2025ರಲ್ಲಿ ಪ್ರಕಟಿಸಿದ ಪರಿಹಾರವೂ (ಗಾಯಕ್ಕೆ 5,000, ಸಾವಿಗೆ 5 ಲಕ್ಷ ರೂಪಾಯಿ) ಬೀದಿನಾಯಿ ಕಡಿತಕ್ಕೆ ಸಂಬಂಧಿಸಿದ್ದು. ನಿಮ್ಮ ದಾರಿ ನಾಯಿಯ ಯಜಮಾನರ ಕಡೆಗೇ.

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ನೋಡಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಠಾಣೆಯಲ್ಲಿ ದೂರು ಕೊಡಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ; ಅದು ಉಚಿತ. ಆದರೆ ಆ ದಂಡ ಹೋಗುವುದು ಸರ್ಕಾರಕ್ಕೆ. ಹಣ ನಿಮ್ಮ ಕೈಗೆ ಬರಬೇಕಾದರೆ ಮಗಳ ಪರವಾಗಿ ನೀವು ಸಿವಿಲ್ ದಾವೆ ಹೂಡುವುದೇ ನೇರವಾದ ಹಾದಿ. ಅದಕ್ಕೂ ಮೊದಲು ವಕೀಲರಿಂದ ನೋಟಿಸ್ ಹೋಗಲಿ. ಎಷ್ಟೋ ಮನೆಯವರು ನೋಟಿಸ್ ಕಂಡ ಮೇಲೆ ಮಾತಿಗೆ ಬರುತ್ತಾರೆ.

ಇಂಥ ದಾವೆಯಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ನಾಯಿ ಮೈಮೇಲೆ ಬೀಳುವ ಸ್ವಭಾವದ್ದೆಂದು ಮನೆಯವರಿಗೆ ಗೊತ್ತಿತ್ತೇ? ಕಾಯುವುದರಲ್ಲಿ ಅವರು ಅಸಡ್ಡೆ ತೋರಿದರೇ? ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: 'ಹೋದ ವರ್ಷ ಪಂಚೆ ಹರಿಸಿಕೊಂಡ ಹಾಲಿನವನು ಈಗ ಗೇಟಿನ ಹೊರಗೇ ನಿಂತು ಕೂಗುತ್ತಾನೆ.' ನೀವು ಹಾಗೆ ಸುಮ್ಮನೆ ಬರೆದ ಆ ಸಾಲು ಇಡೀ ಪ್ರಕರಣದ ಬೆನ್ನೆಲುಬು. ಆತ ಸಾಕ್ಷಿ ಹೇಳಿದರೆ 'ಗೊತ್ತಿರಲಿಲ್ಲ' ಎಂಬ ಮಾತು ನಿಲ್ಲುವುದು ಕಷ್ಟ. ಆತನ ಹೆಸರು, ವಿಳಾಸವನ್ನು ಇಂದೇ ಬರೆದಿಟ್ಟುಕೊಳ್ಳಿ. ಮಗು ಕೆಣಕಿತು ಎನ್ನುವುದಾದರೆ ಅದನ್ನು ನೋಡಿದವರು ಯಾರೆಂದು ಅವರೇ ಹೇಳಲಿ.

ಹತ್ತು ದಿನದ ಕೂಲಿ, ನೀವೇ ಕೊಟ್ಟ ಆಟೋ ಬಾಡಿಗೆ, ಔಷಧಿ ಬಿಲ್ಲು ಎಲ್ಲವನ್ನೂ ಕೇಳಿಕೆಯಲ್ಲಿ ಸೇರಿಸಿ. ಮಗು ಪಟ್ಟ ನೋವು, ಉಳಿಯುವ ಕಲೆ, ಆ ಗೇಟಿನ ಮುಂದೆ ನಡೆಯಲು ಅದಕ್ಕಿರುವ ಹೆದರಿಕೆಗೂ ಪರಿಹಾರ ಕೇಳಬಹುದು. ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿ ಎಂದು ವಿಚಾರಿಸಿ.

ಅತ್ತೆಯವರ ಅಳುಕು ನನಗೆ ಅರ್ಥವಾಗುತ್ತದೆ. ಒಂದೇ ಓಣಿಯಲ್ಲಿ ಬಾಳಬೇಕಾದವರು ಮುಖ ಮುರಿದುಕೊಳ್ಳುವುದು ಸಣ್ಣ ಸಂಗತಿಯಲ್ಲ. ಹಾಗಾಗಿ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಿ. ಅಲ್ಲಿ ಎರಡೂ ಕಡೆಯವರು ಒಪ್ಪಿದ್ದು ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ (ಅಂತಿಮ ಆದೇಶದಷ್ಟೇ) ಗಟ್ಟಿ. ರಾಜಿಪತ್ರದಲ್ಲಿ ಹಣದ ಜೊತೆಗೆ ನಾಯಿಯನ್ನು ಕಟ್ಟುವ, ಗೇಟಿಗೆ ಚಿಲಕ ಹಾಕುವ ಷರತ್ತನ್ನೂ ಬರೆಸಿ. ನಿಮ್ಮ ಮಗಳು ಶಾಲೆಗೆ ಹೋಗುವುದು ನಾಳೆಯೂ ಅದೇ ಗೇಟಿನ ಮುಂದೆಯೇ.