ನಿರಾಶ್ರಿತರ ಶಿಬಿರದಿಂದ ಮರಳಿದ ಮೇಲೆ ಮನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಇದು ಎಷ್ಟು ದಿನ ಇರುತ್ತದೆ?

ವಿದೇಶದ ಶಿಬಿರವೊಂದರಲ್ಲಿ ಆರು ತಿಂಗಳು ಸ್ವಯಂಸೇವೆ ಮಾಡಿ ಹುಬ್ಬಳ್ಳಿಗೆ ಮರಳಿದ್ದೀರಿ, ಮನೆಯವರು ಏನು ಮಾತನಾಡಿದರೂ ಸಿಟ್ಟು ಬರುತ್ತದೆ ಎಂದು ಬರೆದಿದ್ದೀರಿ. ನನಗೆ ಅದು ಸುಮಾರು ನಾಲ್ಕು ತಿಂಗಳು ಇತ್ತು. ನಿಮಗೂ ಅಷ್ಟೇ ಎಂದು ಹೇಳಲಾರೆ.

ನಾನು ಧಾರವಾಡದವಳು, ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. 2022ರಲ್ಲಿ ಸಂಬಳವಿಲ್ಲದ ರಜೆ ಹಾಕಿ ಕೆನ್ಯಾದ ಕಾಕುಮಾ ಶಿಬಿರದಲ್ಲಿ ಎಂಟು ತಿಂಗಳಿದ್ದೆ. ಟುರ್ಕಾನಾ ಎಂಬ ಒಣ ಸೀಮೆಯಲ್ಲಿರುವ ಆ ಶಿಬಿರ ಶುರುವಾದದ್ದು 1992ರಲ್ಲಿ, ಸುಡಾನಿನ ಯುದ್ಧದಿಂದ ಓಡಿಬಂದ ಹುಡುಗರಿಗಾಗಿ. ಈಗ ಪಕ್ಕದ ಕಲೋಬೆಯೆಯಿ ವಸತಿಯೂ ಸೇರಿದರೆ ಎರಡು ಲಕ್ಷಕ್ಕೂ ಹೆಚ್ಚು ಜನ. ಅಲ್ಲಿನ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ನಿರಾಶ್ರಿತರೇ. ಅವರಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ಪ್ರೋತ್ಸಾಹಧನ ಎನ್ನುತ್ತಾರೆ. ಒಂದು ಕೋಣೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು. ಆ ಶಿಕ್ಷಕರ ಜೊತೆ ನಿಂತು ಭಿನ್ನರಾಶಿ ಕಲಿಸಲು ನೆರವಾಗುವುದು ನನ್ನ ಕೆಲಸವಾಗಿತ್ತು.

ಮನಸ್ಸಿನ ಮಾತಿಗೆ ಮೊದಲು ದೇಹದ್ದೊಂದು. ಮಲೇರಿಯಾ ಇರುವ ಕಡೆಯಿಂದ ಬಂದಿದ್ದರೆ, ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಂದ ಬಂದಿದ್ದೀರಿ ಎಂದು ಡಾಕ್ಟರಿಗೆ ಅವರು ಕೇಳುವ ಮೊದಲೇ ಹೇಳಿ. ನಾನು ಹೇಳದೆ, ಪ್ರಯಾಣದ ದಣಿವೆಂದು ಗುಳಿಗೆ ನುಂಗಿ ನಾಲ್ಕು ದಿನ ಮಲಗಿದ್ದೆ. ಗಣಿತ ಕಲಿಸಿದವಳ ಬುದ್ಧಿ ಅದು.

ಇನ್ನು ಸಿಟ್ಟು. ಬಂದ ತಿಂಗಳಲ್ಲೇ ನಮ್ಮ ಕಾಕಾನ ಮಗಳ ನಿಶ್ಚಯ ಹುಬ್ಬಳ್ಳಿಯಲ್ಲಿತ್ತು. ಊಟದ ಪಂಕ್ತಿಯಲ್ಲಿ ಅರ್ಧ ತಿಂದ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದವರನ್ನು ನೋಡಿ ನಾನು ಎಲ್ಲರೆದುರು ಕಾಕಾನ ಮೇಲೆ ರೇಗಿದೆ. ಅಲ್ಲಿ ಜನ ಒಂದು ಚೀಲ ಜೋಳಕ್ಕೆ ಬಿಸಿಲಿನಲ್ಲಿ ಸಾಲು ನಿಲ್ಲುತ್ತಾರೆ, ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದೆ. ಕಾಕಾ ಬಡಿಸುವ ಬುಟ್ಟಿ ಕೆಳಗಿಟ್ಟು, ‘ಆ ಸಾಲಿನಲ್ಲಿ ನೀನೂ ನಿಂತಿದ್ದೆಯೇನವ್ವ?’ ಎಂದು ಕೇಳಿದರು.

ನಿಂತಿರಲಿಲ್ಲ. ನಾನು ಸಿಬ್ಬಂದಿಯ ಆವರಣದಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ ತಿಂದು, ಫ್ಯಾನಿನ ಕೆಳಗೆ ಮಲಗಿದವಳು. ಒಂದು ತಿಂಗಳು ಕಾಕಾನ ಜೊತೆ ಮಾತು ಬಿಟ್ಟೆ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಕಡೆಗೆ ಒಪ್ಪಿಕೊಂಡೆ: ನನ್ನ ಸಂಕಟಕ್ಕೆ ಹೋಳಿಗೆ ಕಾರಣವಾಗಿರಲಿಲ್ಲ. ಅಲ್ಲಿ ಬೆಳಿಗ್ಗೆ ಶಾಲೆಯ ಗೇಟು ದಾಟಿದರೆ ನಲವತ್ತು ಮಕ್ಕಳು ‘ಟೀಚರ್’ ಎಂದು ಕೂಗಿಕೊಂಡು ಬರುತ್ತಿದ್ದರು. ಇಲ್ಲಿ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸಿಗೆ ನಿಂತರೆ ಪಕ್ಕದವರೂ ತಿರುಗಿ ನೋಡುವುದಿಲ್ಲ. ನನಗೆ ತಪ್ಪಿಹೋಗಿದ್ದು ಆ ಮಹತ್ವ. ಅದಕ್ಕೆ ನಾನು ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆ. ನಿಮ್ಮದೂ ಇದೇ ಎನ್ನುತ್ತಿಲ್ಲ. ಒಮ್ಮೆ ತಡಕಿ ನೋಡಿಕೊಳ್ಳಿ, ಅಷ್ಟೇ.

ಜನ ಕೇಳುವ ಪ್ರಶ್ನೆಗಳೂ ನೆರವಾಗುವುದಿಲ್ಲ, ನಿಜ. ಎಷ್ಟು ಕೊಟ್ಟರು? ಹೆದರಿಕೆಯಾಗಲಿಲ್ಲವೇ? ನಿಮ್ಮ ಉತ್ತರ ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮಾತು ಪ್ಲಾಟಿನ ರೇಟಿಗೆ ಹೊರಳಿರುತ್ತದೆ. ನನಗೆ ಸರಿಯಾದ ಪ್ರಶ್ನೆ ಕೇಳಿದವಳು ಅವ್ವ ಒಬ್ಬಳೇ. ರೊಟ್ಟಿ ಬಡಿಯುತ್ತಾ, ‘ಕಾಳು ಕೊಡುತ್ತಾರೆ ಸರಿ, ಬೀಸಿಸುವುದು ಎಲ್ಲಿ?’ ಎಂದಳು.

ಅಲ್ಲಿನ ಬದುಕಿನ ದೊಡ್ಡ ಪಾಲು ಆ ಪ್ರಶ್ನೆಯೊಳಗಿತ್ತು. ಪಡಿತರವಾಗಿ ಬರುತ್ತಿದ್ದದ್ದು ಇಡೀ ಜೋಳ ಅಥವಾ ಗೋವಿನಜೋಳ, ಬೇಳೆ, ಎಣ್ಣೆ. ನಾನಿದ್ದ ವರ್ಷ ಅದೂ ಪೂರ್ತಿ ಪ್ರಮಾಣದಲ್ಲಿ ಸಿಗುತ್ತಿರಲಿಲ್ಲ. ಹೊರಗೆ ಟುರ್ಕಾನಾದ ಜನರಿಗೇ ಬರ. ಗಿರಣಿಗೆ ದುಡ್ಡು ಬೇಕು, ಒಲೆಗೆ ಕಟ್ಟಿಗೆ ಬೇಕು, ದುಡಿಯಲು ಹೊರಗೆ ಹೋಗಬೇಕೆಂದರೆ ಅನುಮತಿ ಚೀಟಿ ಬೇಕು. ಹಾಗಾಗಿ ಬಂದ ಕಾಳಿನಲ್ಲೇ ಒಂದು ಪಾಲು ಮಾರಿ ಉಳಿದದ್ದನ್ನು ಬೀಸಿಸುತ್ತಾರೆ. ಇನ್ನೊಂದು ಪಾಲು ಕಟ್ಟಿಗೆ, ಇದ್ದಿಲು ಹೊತ್ತು ತರುವ ಸ್ಥಳೀಯ ಹೆಂಗಸರಿಗೆ ಹೋಗುತ್ತದೆ. ತಿಂಗಳ ಕೊನೆಗೆ ಚೀಲ ಏಕೆ ಬರಿದಾಗಿರುತ್ತದೆ ಎಂಬುದನ್ನು ನಾನು ಎಂಟು ತಿಂಗಳಲ್ಲಿ ತಿಳಿದುಕೊಂಡಿದ್ದೆ, ಅವ್ವ ಒಂದು ಪ್ರಶ್ನೆಯಲ್ಲಿ ಮುಟ್ಟಿಬಿಟ್ಟಳು. ಆಮೇಲೆ 1972ರ ಬರದಲ್ಲಿ ತಾನು ತಿಂದ ಹೊರದೇಶದ ಕೆಂಪು ಜೋಳದ ಮಾತು ತೆಗೆದಳು. ನಮ್ಮ ಬಿಳಿ ಮಾಲದಂಡಿ ಜೋಳ ಬಡಿದು ರೂಢಿಯಾದ ಕೈಗೆ ಆ ಹಿಟ್ಟು ಒಗ್ಗದೆ ರೊಟ್ಟಿ ಹರಿದುಹೋಗುತ್ತಿತ್ತಂತೆ. ಮೂವತ್ತೆಂಟು ವರ್ಷ ಅವಳ ಮಗಳಾಗಿದ್ದೇನೆ, ಆ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ. ಸುಡಾನಿನವರು ಜೋಳದ ಹಿಟ್ಟು ಹುಳಿಬರಿಸಿ ಕಾದ ತಗಡಿನ ಮೇಲೆ ತೆಳ್ಳಗೆ ಸವರಿ ಕಿಸ್ರಾ ಮಾಡುತ್ತಾರೆ ಎಂದು ವಿವರಿಸಿದೆ. ‘ಹಾಗಾದರೆ ಅದು ರೊಟ್ಟಿಯಲ್ಲ, ದೋಸೆ’ ಎಂದು ತೀರ್ಪು ಕೊಟ್ಟಳು. ಮರುದಿನ ಹಿಟ್ಟು ಕಲಸಿಟ್ಟು ಪ್ರಯತ್ನವನ್ನೂ ಮಾಡಿದೆವು. ಹಂಚಿಗೆ ಅಂಟಿ ಹಾಳಾಯಿತು. ಬಂದ ಮೇಲೆ ನಾನು ಮನಸಾರೆ ನಕ್ಕದ್ದು ಅಂದೇ.

ನೀರಿನ ಮಾತನ್ನೂ ಹೇಳಬೇಕು. ಶಿಬಿರದಲ್ಲಿ ದಿನಾ ಕೆಲವು ಗಂಟೆ ಸಾರ್ವಜನಿಕ ನಳಗಳಿಗೆ ನೀರು ಬಿಡುತ್ತಿದ್ದರು, ಹಳದಿ ಕ್ಯಾನುಗಳ ಉದ್ದ ಸಾಲು. ನಮ್ಮ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ. ಇದನ್ನು ಹೇಳಿದಾಗಲೆಲ್ಲ ಎದುರಿನವರು ಗೆದ್ದವರಂತೆ ನಗುತ್ತಾರೆ. ನಮಗೆ ನೆಲದಡಿ ಸಂಪು, ಮೇಲೆ ಟ್ಯಾಂಕು ಇದೆ, ಅವರು ತಲೆಯ ಮೇಲೆ ಹೊರುತ್ತಾರೆ ಎಂಬುದನ್ನು ನಾನು ಪ್ರತಿ ಸಲ ಸೇರಿಸಬೇಕಾಗುತ್ತದೆ.

ಒಂದು ಭಾನುವಾರ ಮುಂಡಗೋಡಕ್ಕೆ ಹೋದೆ. ಅಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರಿದ್ದಾರೆ. ನಾವು ಚಿಕ್ಕಂದಿನಿಂದ ‘ಕ್ಯಾಂಪ್’ ಎನ್ನುತ್ತಲೇ ಪಿಕ್ನಿಕ್ಕಿಗೆ ಹೋದವರು. ಈ ಸಲ ಏನೋ ಅರ್ಥವಾದೀತು ಎಂಬ ಆಸೆಯಿತ್ತು. ಅಂಗಡಿಯ ಅಜ್ಜಿಯೊಬ್ಬರು ಗೋವಿನಜೋಳದ ದರ ಬಿದ್ದದ್ದಕ್ಕೆ ಕನ್ನಡದಲ್ಲಿ ಬೈಯುತ್ತಾ ನೂಡಲ್ಸ್ ಕೊಟ್ಟರು, ಚಿಲ್ಲರೆ ಇಲ್ಲವೆಂದು ನನ್ನನ್ನೂ ಬೈದರು. ಅಲ್ಲಿ ಯಾರಿಗೂ ನನ್ನ ಅಗತ್ಯವಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ ಎಷ್ಟೋ ಹಗುರವೆನಿಸಿತು.

ಕೊನೆಯದಾಗಿ, ಅಲ್ಲಿಂದ ಸಂದೇಶಗಳು ಬರುತ್ತವೆ. ‘ಮುಂದಿನ ವರ್ಷ ಬರುತ್ತೇನೆ’, ‘ನಿಮ್ಮನ್ನು ಹೊರಗೆ ಕರೆಸಿಕೊಳ್ಳುತ್ತೇನೆ’ ಎಂದು ಬರೆಯಬೇಡಿ. ಬೇರೆ ದೇಶದಲ್ಲಿ ನೆಲೆ ಸಿಗುವುದು ವಿಶ್ವಸಂಸ್ಥೆಯ ಏಜೆನ್ಸಿ ಮತ್ತು ಆ ದೇಶದ ಸರ್ಕಾರದ ಕೈಯಲ್ಲಿದೆ, ಸ್ವಯಂಸೇವಕರ ಕೈಯಲ್ಲಿಲ್ಲ. ಮೊದಲನೆಯದನ್ನು ನಾನು ಹೇಳಿ ಬಂದಿದ್ದೆ, ಹೋಗಲಾಗಲಿಲ್ಲ, ಅದಿನ್ನೂ ಚುಚ್ಚುತ್ತದೆ. ಈಗ ಭಾನುವಾರಕ್ಕೊಮ್ಮೆ ಮಾತ್ರ ಉತ್ತರ ಬರೆಯುತ್ತೇನೆ, ಗಣಿತದ್ದಾದರೆ ಖಂಡಿತ. ಜೊತೆಗಿದ್ದ ಶಿಕ್ಷಕನೊಬ್ಬ ಕಳೆದ ವಾರ ಭಿನ್ನರಾಶಿಯ ಭಾಗಾಕಾರವನ್ನು ಚಿತ್ರ ಬರೆದು ಕಲಿಸುವುದು ಹೇಗೆ ಎಂದು ಕೇಳಿದ್ದ. ನಿನ್ನೆ ಬರೆಯಲು ಕುಳಿತಿದ್ದೆ, ಅಷ್ಟರಲ್ಲಿ ನಳಕ್ಕೆ ನೀರು ಬಂತು.