ಜರ್ಮನ್ ಮನೆತನದ ಜಾಡು: ಅಮೆರಿಕದ ಹಳೆಯ ಜಮೀನು ದಾಖಲೆ ಓದುವ ಬಗೆ

ಪ್ರಶ್ನೆ: ನಮ್ಮ ಅಳಿಯ ಓಹಾಯೋದವರು, ಮನೆತನದ ಹೆಸರು ಮಿಲ್ಲರ್. ಹಿಂದೆ ಜರ್ಮನ್ ಮಾತಾಡುತ್ತಿದ್ದವರಂತೆ. 1750ಕ್ಕೂ ಮುಂಚೆ ಪೆನ್ಸಿಲ್ವೇನಿಯಾಕ್ಕೆ ಬಂದು, ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ ಒಂದೆರಡು ತಲೆಮಾರು ಇದ್ದು, ಆಮೇಲೆ ಓಹಾಯೋ ಸೇರಿದರು ಎಂದು ಬೀಗರು ಹೇಳುತ್ತಾರೆ. ಮೊಮ್ಮಗಳಿಗೆ ವಂಶವೃಕ್ಷ ಬರೆದುಕೊಡುವ ಆಸೆ. ಹಡಗಿನ ಪಟ್ಟಿಯಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಮಿಲ್ಲರ್‌ಗಳು. ಎಲ್ಲಿಂದ ಶುರು ಮಾಡಲಿ?
(ಓದುಗರು, ಮೈಸೂರು)

ಉತ್ತರ: ಹಡಗಿನ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ. ಫಿಲಡೆಲ್ಫಿಯಾದಲ್ಲಿ 1727ರಿಂದ ಬರೆದಿಟ್ಟ ಆ ಪಟ್ಟಿಗಳು ಮುಖ್ಯವಾಗಿ 16 ವರ್ಷ ದಾಟಿದ ಗಂಡಸರು ರಾಜನಿಷ್ಠೆಯ ಪ್ರಮಾಣ ಮಾಡಿದ ದಾಖಲೆ. ಹುಟ್ಟಿದ ಊರು ಯಾವುದು, ಮುಂದೆ ಯಾವ ಕಡೆ ಹೋದರು ಎಂಬುದು ಅದರಲ್ಲಿ ಸಿಗುವುದಿಲ್ಲ. ಕೈಯಲ್ಲಿ ಗಟ್ಟಿ ಆಧಾರ ಇರುವ ಓಹಾಯೋದಿಂದಲೇ ಹೊರಟು, ಒಂದೊಂದೇ ಜಮೀನು ಹಿಡಿದು ಹಿಂದಕ್ಕೆ ಹೋಗಬೇಕು. ಹೆಸರಿನ ಬೆನ್ನು ಹತ್ತಿದರೆ ಹತ್ತು ಮಿಲ್ಲರ್‌ಗಳ ಬದುಕು ಕಲಸಿಹೋಗುತ್ತದೆ. ಒಂದು ಹೊಲಕ್ಕೆ ಒಂದು ಕಾಲದಲ್ಲಿ ಒಬ್ಬನೇ ಒಡೆಯ ಇರುತ್ತಾನೆ.

ಓಹಾಯೋದ ಬಹುಭಾಗವನ್ನು 1785ರ ಕಾಯಿದೆಯಂತೆ ಚೌಕವಾಗಿ ಅಳೆದಿದ್ದಾರೆ. ಆರು ಮೈಲಿ ಚೌಕದ ಟೌನ್‌ಷಿಪ್, ಅದರಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ ಎಂದರೆ 640 ಎಕರೆ. ಕೇಂದ್ರ ಸರ್ಕಾರ ಕೊಟ್ಟ ಮೊದಲ ಹಕ್ಕುಪತ್ರಗಳನ್ನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ತಾಣದಲ್ಲಿ ಉಚಿತವಾಗಿ ನೋಡಬಹುದು. ಆದರೆ ಅದರ ಮೇಲಿನ ತಾರೀಖನ್ನು ಬಂದಿಳಿದ ವರ್ಷವೆಂದು ಬರೆದುಕೊಳ್ಳಬೇಡಿ. 1800ರ ಕಾಯಿದೆಯಲ್ಲಿ ಎಕರೆಗೆ 2 ಡಾಲರ್, ನಾಲ್ಕು ವರ್ಷಗಳ ಕಂತು. ಪೂರ್ತಿ ತೀರಿದ ಮೇಲೆಯೇ ಹಕ್ಕುಪತ್ರ. 1804ರಿಂದ 160 ಎಕರೆ ಕೊಂಡರೂ ಸಾಕಿತ್ತು. 1820ರಲ್ಲಿ ಕಂತು ರದ್ದಾಗಿ, ರೊಕ್ಕ ಎಣಿಸಿದರೆ ಎಕರೆಗೆ ಒಂದೂಕಾಲು ಡಾಲರ್ ಆಯಿತು. ಆದ್ದರಿಂದ 1811ರ ಹಕ್ಕುಪತ್ರದವನು 1806ರಲ್ಲೇ ಅಲ್ಲಿ ಉಳುತ್ತಿದ್ದಿರಬಹುದು. ಸೈಯೋಟೋ ಮತ್ತು ಲಿಟಲ್ ಮಯಾಮಿ ನದಿಗಳ ನಡುವಿನ ಸೀಮೆ ಮಾತ್ರ ಬೇರೆ. ಅದು ವರ್ಜೀನಿಯಾದ ಸೈನಿಕರಿಗೆ ಮೀಸಲಿಟ್ಟ ನೆಲ, ಅಲ್ಲಿ ಚೌಕದ ಲೆಕ್ಕ ನಡೆಯುವುದಿಲ್ಲ.

ಇನ್ನು ರಾಕಿಂಗ್‌ಹ್ಯಾಮ್. ಊರು ಬಿಟ್ಟವರು ಎಷ್ಟೋ ಸಲ ಹಳೆಯ ಜಮೀನನ್ನು ಬಿಟ್ಟುಹೋದ ಮೇಲೆ ಮಾರುತ್ತಿದ್ದರು. ಆಗಿನ ಕ್ರಯಪತ್ರದಲ್ಲಿ ‘ಓಹಾಯೋದ ಇಂಥ ಕೌಂಟಿಯಲ್ಲಿ ವಾಸಿಸುವ ಇಂಥವನು’ ಎಂದು ಬರೆದಿರುತ್ತದೆ. ಈ ಒಂದು ಸಾಲು ಎರಡು ಊರುಗಳನ್ನೂ ಜೋಡಿಸಿಬಿಡುತ್ತದೆ. ವರ್ಜೀನಿಯಾದಲ್ಲಿ ಗಂಡ ಜಮೀನು ಮಾರಿದರೆ ಹೆಂಡತಿಯನ್ನು ನ್ಯಾಯಾಧೀಶರು ಪ್ರತ್ಯೇಕವಾಗಿ ಕೂರಿಸಿ, ಒತ್ತಾಯವಿಲ್ಲದೆ ಒಪ್ಪಿದ್ದಾಳೆಯೇ ಎಂದು ಕೇಳಬೇಕಿತ್ತು. ಆಕೆ ದೂರವಿದ್ದರೆ ಅಲ್ಲಿಯ ಇಬ್ಬರು ನ್ಯಾಯಾಧೀಶರಿಗೆ ಆ ಕೆಲಸ ವಹಿಸಿ ಆದೇಶ ಹೋಗುತ್ತಿತ್ತು. ಕ್ರಯಪತ್ರದ ಹಿಂದೆಯೇ ನಕಲು ಮಾಡಿರುವ ಆ ಆದೇಶವನ್ನು ಯಾರೂ ಓದುವುದಿಲ್ಲ. ನೀವು ಓದಿ, ಹೆಂಡತಿಯ ಹೆಸರೂ ಹೊಸ ಕೌಂಟಿಯ ಹೆಸರೂ ಅಲ್ಲಿರುತ್ತವೆ.

ರಾಕಿಂಗ್‌ಹ್ಯಾಮ್‌ನ ದಾಖಲೆಗಳಲ್ಲಿ ಬಹಳಷ್ಟು 1864ರಲ್ಲಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕವು. ಕ್ರಯಪತ್ರ ಸಿಗದಿದ್ದರೆ 1782ರಿಂದ ಶುರುವಾಗುವ ಜಮೀನು ಕಂದಾಯದ ಪಟ್ಟಿಗಳನ್ನು ವರ್ಷವರ್ಷವೂ ನೋಡಿ. 150 ಎಕರೆ ಒಬ್ಬನ ಹೆಸರಿನಿಂದ ಮಾಯವಾದ ವರ್ಷ ಇನ್ನೊಬ್ಬನ ಹೆಸರಿನಲ್ಲಿ ಅದೇ 150 ಕಾಣಿಸಿದರೆ, ಮಾರಾಟವೋ ಪಾಲೋ ಆಗಿದೆ ಎಂದರ್ಥ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಒಂದೇ ಜಮೀನಿಗೆ ವಾರಂಟ್, ಸರ್ವೆ, ಪೇಟೆಂಟ್ ಎಂದು ಮೂರು ಕಾಗದ, ಮೂರಕ್ಕೂ ಬೇರೆ ಬೇರೆ ತಾರೀಖು. ಯಾವುದನ್ನು ನಂಬಬೇಕು?
(ಇತಿಹಾಸ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮೂರನ್ನೂ ನಂಬಿ, ಮೂರೂ ಬೇರೆ ಬೇರೆ ಸಂಗತಿ ಹೇಳುತ್ತವೆ. ವಾರಂಟ್ ಎಂದರೆ ‘ಇವನಿಗೆ ಇಷ್ಟು ನೆಲ ಅಳೆದುಕೊಡಿ’ ಎಂಬ ಅಪ್ಪಣೆ. ಸರ್ವೆ ಅಳೆದ ನಕ್ಷೆ. ಪೇಟೆಂಟ್ ಕೊನೆಯ ಹಕ್ಕುಪತ್ರ. 1732ರಿಂದ 100 ಎಕರೆಗೆ 15 ಪೌಂಡ್ 10 ಷಿಲಿಂಗ್ ಬೆಲೆಯಿತ್ತು, 1765ರಲ್ಲಿ 5 ಪೌಂಡ್‌ಗೆ ಇಳಿಯಿತು. ಪೂರ್ತಿ ಹಣ ಕಟ್ಟಲಾಗದವರು ವಾರಂಟ್ ಹಿಡಿದುಕೊಂಡೇ ಹತ್ತಿಪ್ಪತ್ತು ವರ್ಷ ಉಳುಮೆ ಮಾಡಿದರು. ಕೆಲವರ ಪೇಟೆಂಟ್ ಆದದ್ದು ಮೊಮ್ಮಕ್ಕಳ ಕಾಲಕ್ಕೆ.

ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರ ತನ್ನ ತಾಣದಲ್ಲಿ ಕೌಂಟಿವಾರು ವಾರಂಟ್ ರಿಜಿಸ್ಟರ್ ಹಾಕಿದೆ. ಅದರ ಒಂದು ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ: ವಾರಂಟ್ ಪಡೆದವನ ಹೆಸರು, ಕೇಳಿದ ಎಕರೆ, ತಾರೀಖು, ಅಳತೆ ಒಪ್ಪಿಸಿದ ತಾರೀಖು, ನಿಜಕ್ಕೂ ಸಿಕ್ಕ ಎಕರೆ, ಪೇಟೆಂಟ್ ಪಡೆದವನ ಹೆಸರು, ಕೊನೆಗೆ ಪೇಟೆಂಟ್ ಮತ್ತು ಸರ್ವೆ ಪುಸ್ತಕಗಳ ಸಂಖ್ಯೆ, ಪುಟ. ಮೊದಲ ಹೆಸರೂ ಪೇಟೆಂಟಿನ ಹೆಸರೂ ಬೇರೆಯಾಗಿದ್ದರೆ ಅಲ್ಲಿ ಬಿಡಬೇಡಿ. ಪೇಟೆಂಟಿನ ಪೂರ್ತಿ ಪಾಠ ತೆಗೆಯಿರಿ. ಇಂಥವನು ವಾರಂಟ್ ಪಡೆದ, ಉಯಿಲಿಲ್ಲದೆ ಸತ್ತ, ಕೋರ್ಟು ಜಮೀನನ್ನು ಹಿರಿಮಗನಿಗೆ ವಹಿಸಿತು, ಅವನು ಇಂಥವನಿಗೆ ಮಾರಿದ ಎಂದು ಇಡೀ ಸರಪಳಿಯೇ ಅಲ್ಲಿರುವುದುಂಟು. ಉಯಿಲಿಲ್ಲದಿದ್ದರೆ 1794ರವರೆಗೆ ಹಿರಿಮಗನಿಗೆ ಎರಡು ಪಾಲು. ಮಕ್ಕಳ ಹಿರಿತನ ತಿಳಿಯಲು ಇದೊಂದು ದಾರಿ.

ವಾರಂಟ್‌ಗಿಂತ ಮುಂಚೆಯೇ ನೆಲೆಸಿದವರೂ ಇದ್ದರು. ನ್ಯೂಯಾರ್ಕ್‌ನ ಸ್ಕೊಹಾರಿಯಿಂದ ಜರ್ಮನ್ ಕುಟುಂಬಗಳು 1723ರಲ್ಲಿ ಟಲ್ಪಹಾಕನ್ ಕಣಿವೆಗೆ ಬಂದಾಗ ಆ ನೆಲ ಅಲ್ಲಿಯ ಮೂಲನಿವಾಸಿಗಳಾದ ಲೆನಾಪೆ ಜನರದು. ಪೆನ್ಸಿಲ್ವೇನಿಯಾ ವಸಾಹತಿನ ಒಡೆಯರಾದ ಪೆನ್ ಮನೆತನದವರು ಲೆನಾಪೆ ಮುಖಂಡ ಸಸೂನನ್‌ನಿಂದ ಅದನ್ನು ಕೊಂಡದ್ದು 1732ರಲ್ಲಿ. ಲೆನಾಪೆಗಳು ತಮ್ಮ ಕಣಿವೆ ಕಳೆದುಕೊಂಡ ಆ ಒಂಬತ್ತು ವರ್ಷ ವಾರಂಟ್ ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ಮನೆತನದ ಚರಿತ್ರೆ ಬರೆಯುವವರು ಇದನ್ನು ಬಿಡಬಾರದು. ಇದೇ ಕಣಿವೆ 1729ರಿಂದ ಲ್ಯಾಂಕಾಸ್ಟರ್ ಕೌಂಟಿಯಲ್ಲಿತ್ತು. 1752ರಲ್ಲಿ ಬರ್ಕ್ಸ್ ಕೌಂಟಿ ಆದಾಗ ಅದರ ಬಹುಪಾಲು ಅಲ್ಲಿಗೆ ಹೋಯಿತು. ಮನೆಯವರು ಕದಲದಿದ್ದರೂ ಕಾಗದ ಬೇರೆ ಕಚೇರಿಯಲ್ಲಿರುತ್ತದೆ.

1752ಕ್ಕೆ ಮುಂಚೆ ಇಂಗ್ಲಿಷ್ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ‘ಫೆಬ್ರವರಿ 1737/8’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ 1738. ಟಿಪ್ಪಣಿಯಲ್ಲಿ ಎರಡನ್ನೂ ಹಾಗೆಯೇ ಬರೆದಿಡಿ.

ಪ್ರಶ್ನೆ: ಶೆನಾಂಡೋವಾ ಕಣಿವೆಯ ಒಂದು ಕಾಗದದಲ್ಲಿ ಜಮೀನನ್ನು ಐದು ಷಿಲಿಂಗ್‌ಗೆ ಒಂದು ವರ್ಷದ ಗುತ್ತಿಗೆ ಕೊಟ್ಟಂತಿದೆ. ಹಾಗಾದರೆ ಇವರು ಗೇಣಿದಾರರೇ?
(ಓದುಗರು, ಬೆಳಗಾವಿ)

ಉತ್ತರ: ಅಲ್ಲ, ಪುಟ ತಿರುಗಿಸಿ. ಆಗಿನ ವರ್ಜೀನಿಯಾದಲ್ಲಿ ಮಾರಾಟವನ್ನು ಎರಡು ಕಾಗದದಲ್ಲಿ ಮಾಡುವ ಕ್ರಮವಿತ್ತು. ಮೊದಲ ದಿನ ನೆಪಕ್ಕೆ ಐದು ಷಿಲಿಂಗ್‌ನ ಗುತ್ತಿಗೆ, ಬಾಡಿಗೆ ಒಂದು ಮೆಣಸಿನ ಕಾಳು. ಮರುದಿನದ ಬಿಡುಗಡೆ ಪತ್ರದಲ್ಲಿ ನಿಜವಾದ ಬೆಲೆ, ಶಾಶ್ವತ ಹಕ್ಕು. ಎರಡೂ ಸೇರಿ ಒಂದು ಕ್ರಯ. ಸೂಚಿಯಲ್ಲಿ ಇದನ್ನು ಎರಡು ವ್ಯವಹಾರವೆಂದು ಎಣಿಸಿ ಜಮೀನನ್ನು ಎರಡು ಪಟ್ಟು ಮಾಡಿಕೊಂಡವರೂ ಇದ್ದಾರೆ.

ಅಲ್ಲಿ ಒಂದೇ ಜಮೀನಿಗೆ ಬೇರೆ ಬೇರೆಯವರಿಂದ ಎರಡು ಹಕ್ಕುಪತ್ರ ಸಿಕ್ಕರೂ ಗಾಬರಿ ಬೇಡ. 1710ರಲ್ಲಿ ನ್ಯೂಯಾರ್ಕ್‌ಗೆ ಬಂದ ಯೋಸ್ಟ್ ಹೈಟ್, ಪೆನ್ಸಿಲ್ವೇನಿಯಾದ ಪರ್ಕಿಯೋಮೆನ್ ತೊರೆಯ ಬದಿಯಲ್ಲಿದ್ದು 1730ರ ದಶಕದ ಆರಂಭದಲ್ಲಿ ಈ ಕಣಿವೆಗೆ ಇಳಿದ. 1731ರಲ್ಲಿ ಅವನಿಗೂ ಪಾಲುದಾರ ರಾಬರ್ಟ್ ಮೆಕೇಗೂ 1,00,000 ಎಕರೆಯಲ್ಲಿ ಜನರನ್ನು ನೆಲೆಗೊಳಿಸುವ ಅನುಮತಿ ಸಿಕ್ಕಿತು. ಆ ನೆಲ ತನ್ನದೆಂದು ಉತ್ತರ ವರ್ಜೀನಿಯಾದ ದೊಡ್ಡ ಜಮೀನ್ದಾರ ಲಾರ್ಡ್ ಫೇರ್‌ಫ್ಯಾಕ್ಸ್ ವಾದಿಸಿದ. 1749ರಲ್ಲಿ ಹೂಡಿದ ದಾವೆ ಇತ್ಯರ್ಥವಾದದ್ದು 1786ರಲ್ಲಿ, ಹೈಟ್ ಕಡೆಗೆ. ಅಷ್ಟರಲ್ಲಿ ಅವನು ತೀರಿಹೋಗಿದ್ದ. ಇಷ್ಟು ವರ್ಷ ಕೈಕಟ್ಟಿ ಕೂರಲಾರದ ರೈತರಲ್ಲಿ ಕೆಲವರು ಹೈಟ್‌ನಿಂದ ಕೊಂಡ ನೆಲಕ್ಕೆ ಫೇರ್‌ಫ್ಯಾಕ್ಸ್‌ನಿಂದಲೂ ಹಕ್ಕುಪತ್ರ ಮಾಡಿಸಿಕೊಂಡರು. ವುಡ್‌ಸ್ಟಾಕ್ ಸುತ್ತಿನ ಹೊಲವಾದರೆ ಆರೆಂಜ್, 1743ರಿಂದ ಫ್ರೆಡರಿಕ್, 1772ರಿಂದ ಡನ್‌ಮೋರ್, 1778ರಿಂದ ಶೆನಾಂಡೋವಾ ಕೌಂಟಿಯ ಪುಸ್ತಕಗಳನ್ನು ಅದೇ ಕ್ರಮದಲ್ಲಿ ನೋಡಿ.

ಪ್ರಶ್ನೆ: ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಒಬ್ಬನೇ ಎಂದು ಹೇಗೆ ಹೇಳುವುದು?
(ಓದುಗರು, ಮಂಗಳೂರು)

ಉತ್ತರ: ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಬೆಂಡರ್ ಪೇಂಟರ್ ಆದ, ಷ್ನೈಡರ್ ಸ್ನೈಡರ್ ಆದ. ಕೆಲವು ಮನೆಗಳಲ್ಲಿ ಅರ್ಥವೇ ಬದಲಾಗಿ ಕೂತಿತು: ಝಿಮ್ಮರ್‌ಮನ್ ಕಾರ್ಪೆಂಟರ್, ಷ್ವಾರ್ಟ್ಸ್ ಬ್ಲ್ಯಾಕ್. ಬ ಇದ್ದಲ್ಲಿ ಪ, ದ ಇದ್ದಲ್ಲಿ ತ, ಗ ಇದ್ದಲ್ಲಿ ಕ ಕೂಡ ಹುಡುಕಿ. ಯೋಹಾನ್ ಜಾರ್ಜ್, ಯೋಹಾನ್ ಪೀಟರ್ ಅಣ್ಣತಮ್ಮಂದಿರಾಗಿದ್ದರೆ ಕಾಗದದಲ್ಲಿ ಜಾರ್ಜ್, ಪೀಟರ್ ಎಂದೇ ಬರುತ್ತಾರೆ. ಯೋಹಾನೆಸ್ ಎಂಬವನು ಮಾತ್ರ ಜಾನ್ ಆಗುತ್ತಾನೆ. ಇಷ್ಟಾದರೂ ಹೆಸರೊಂದೇ ಸಾಕ್ಷಿಯಲ್ಲ. ಅದೇ ತೊರೆ, ಅದೇ ಪಕ್ಕದ ಹೊಲದವರು, ಅದೇ ಹೆಂಡತಿ, ಇವುಗಳಲ್ಲಿ ಎರಡಾದರೂ ಕೂಡಿಬಂದರೆ ಒಬ್ಬನೇ ಎನ್ನಬಹುದು. ಕ್ರಯಪತ್ರದ ಪುಸ್ತಕದಲ್ಲಿರುವುದು ಗುಮಾಸ್ತನ ನಕಲು. ಸ್ವಂತ ಸಹಿ ಬೇಕಾದರೆ ಮೂಲ ಉಯಿಲು, ಜಾಮೀನು ಪತ್ರ ಹುಡುಕಿ. ಜರ್ಮನ್ ಕೈಬರಹದ ಸಹಿ ಅಲ್ಲಿ ಸಿಕ್ಕರೆ, ಹಡಗಿನ ಪಟ್ಟಿಯ ಸಹಿಯೊಂದಿಗೆ ಹೋಲಿಸಲು ಆಗಲೇ ಕಾಲ ಬಂದದ್ದು.

ಪ್ರಶ್ನೆ: ಚಕ್ಕುಬಂದಿಯಲ್ಲಿ ಬರೀ ಮರ, ಕಲ್ಲು, ‘ಪರ್ಚ್’ ಎಂಬ ಅಳತೆ. ಇದನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಸಾಧ್ಯವೇ?
(ನಿವೃತ್ತ ಭೂಮಾಪಕರು, ಹಾಸನ)

ಉತ್ತರ: ನಿಮಗೆ ಇದು ಸುಲಭ. ಒಂದು ಪರ್ಚ್ 16.5 ಅಡಿ. ನಮ್ಮ ಗುಂಟೆ 33 ಅಡಿ ಚೌಕ, ಅಂದರೆ ಸರಿಯಾಗಿ 4 ಚದರ ಪರ್ಚ್. ಎಕರೆಗೆ 40 ಗುಂಟೆ, 160 ಚದರ ಪರ್ಚ್. ಎರಡೂ 66 ಅಡಿಯ ಗಂಟರ್ ಸರಪಳಿಯ ಲೆಕ್ಕಕ್ಕೆ ಕೂಡುತ್ತವೆ.

ಒಂದು ಸೆಂಟಿಮೀಟರಿಗೆ 20 ಪರ್ಚ್ ಹಿಡಿದು ಗ್ರಾಫ್ ಹಾಳೆಯಲ್ಲಿ, ಕೋನಮಾಪಕ ಇಟ್ಟು ಗೆರೆ ಎಳೆಯಿರಿ. ‘ಬಿಳಿ ಓಕ್ ಮರದಿಂದ ಉತ್ತರ 40 ಡಿಗ್ರಿ ಪೂರ್ವಕ್ಕೆ 160 ಪರ್ಚ್’ ಎಂದರೆ ಉತ್ತರದಿಂದ ಪೂರ್ವಕ್ಕೆ 40 ಡಿಗ್ರಿ ವಾಲಿದ 8 ಸೆಂಟಿಮೀಟರ್ ಗೆರೆ. ಕೊನೆಯ ಗೆರೆ ಹೊರಟ ಮರಕ್ಕೆ ಬಂದು ಮುಟ್ಟಬೇಕು. ಭಾರಿ ಅಂತರ ಉಳಿದರೆ ಗುಮಾಸ್ತ ಉತ್ತರಕ್ಕೆ ದಕ್ಷಿಣ ಬರೆದಿದ್ದಾನೆ ಅಥವಾ ಒಂದು ಗೆರೆ ಬಿಟ್ಟಿದ್ದಾನೆ. ಆಗ ಪಕ್ಕದ ಹೊಲದ ಸರ್ವೆ ತೆಗೆಯಿರಿ. ಅದೇ ಬದು ಅಲ್ಲಿ ಹೆಚ್ಚಾಗಿ ತಿರುಗುಮುರುಗಾಗಿ, ದಕ್ಷಿಣ 40 ಪಶ್ಚಿಮ ಎಂದು ಸಿಗುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ರಸ್ತೆಗೆಂದು ನೂರಕ್ಕೆ ಆರು ಎಕರೆ ಬಿಡುತ್ತಿದ್ದರು. 160 ಪರ್ಚ್ ಅಗಲ, 212 ಪರ್ಚ್ ಉದ್ದದ ಹೊಲ ನಿಜಕ್ಕೂ 212 ಎಕರೆ, ಕಾಗದದಲ್ಲಿ ‘200 ಎಕರೆ ಮತ್ತು ವಾಡಿಕೆಯ ಬಿಡುವು’. ಲೆಕ್ಕ ತಪ್ಪಿತೆಂದು ತಿದ್ದಬೇಡಿ.

ಒಂಟಿ ಹೊಲವನ್ನು ನಕ್ಷೆಯ ಮೇಲೆ ಕೂರಿಸುವುದು ಕಷ್ಟ. ಸುತ್ತಲಿನ ನಾಲ್ಕೈದು ಹೊಲ ಕತ್ತರಿಸಿ ಒಂದಕ್ಕೊಂದು ಹೊಂದಿಸಿ, ತೊರೆಯ ತಿರುವು ಸಿಗುವವರೆಗೆ ಸರಿಸಿ. ಹಳೆಯ ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಕೆಲವು ಡಿಗ್ರಿ ವ್ಯತ್ಯಾಸವಿರುವುದರಿಂದ ಇಡೀ ಗುಂಪನ್ನು ಒಟ್ಟಿಗೆ ತಿರುಗಿಸಬೇಕು. 1:24,000 ನಕ್ಷೆಗೆ ಇಳಿಸುವಾಗ 160 ಪರ್ಚ್ ಸುಮಾರು 3.4 ಸೆಂಟಿಮೀಟರ್. ಹೊಂದಿಕೊಂಡ ಮೇಲೆ ಬದಿಯ ಹೊಲದವರ ಹೆಸರನ್ನು ಪಟ್ಟಿ ಮಾಡಿ. ಮುಂದಿನ ಕೌಂಟಿಯಲ್ಲಿ ಅವರಲ್ಲಿ ಮೂರು ನಾಲ್ಕು ಮನೆಯವರು ಒಟ್ಟಿಗೆ ಕಂಡರೆ, ನಿಮ್ಮ ಮನೆತನವನ್ನೂ ಆ ಪುಟಗಳಲ್ಲೇ ಹುಡುಕಿ.